ತಪ್ಪು ಉತ್ತರದ ಸುತ್ತ ಹತ್ತು ಮಾಸ್ತರರು

ಪ್ರೌಢಶಾಲೆಯ ವಿಜ್ಞಾನ, ಗಣಿತದ ಹುದ್ದೆಗಳನ್ನು ಶಿಕ್ಷಕರು ತಮ್ಮ ನಡುವೆ ಎರಡು ಹೆಸರಿನಿಂದ ಗುರುತಿಸುತ್ತಾರೆ: ಪಿಸಿಎಂ ಮತ್ತು ಸಿಬಿಝಡ್. ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದವರು ಪಿಸಿಎಂ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಸಿಬಿಝಡ್. ತರಗತಿಗೆ ಒಂದೇ ವಿಭಾಗವಿರುವ ಸಣ್ಣ ಶಾಲೆಯಲ್ಲಿ ಎರಡೂ ಕಡೆ ಒಬ್ಬೊಬ್ಬರೇ ಇರುತ್ತಾರೆ. ಮೂರು ತರಗತಿಗಳ ಗಣಿತದ ಪೀರಿಯಡ್‌ಗಳಲ್ಲೇ ಪಿಸಿಎಂ ಶಿಕ್ಷಕರ ವಾರ ತುಂಬಿಹೋಗುವುದರಿಂದ ವಿಜ್ಞಾನದ ಬಹುಪಾಲು ಸಿಬಿಝಡ್ ಶಿಕ್ಷಕರ ಪಾಲಿಗೆ ಬರುತ್ತದೆ. ಹೀಗಾಗಿ ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ, ಬೆಳಕಿನ ಪ್ರತಿಫಲನ, ವಕ್ರೀಭವನಗಳನ್ನು ಪಿಯುಸಿ ಮುಗಿದ ಮೇಲೆ ಭೌತಶಾಸ್ತ್ರದ ಪುಸ್ತಕ ತೆರೆಯುವ ಸಂದರ್ಭವೇ ಬಾರದಿದ್ದವರು ಕಲಿಸಬೇಕಾಗುತ್ತದೆ. ಭಟ್ಕಳ ತಾಲ್ಲೂಕಿನ ತೆಂಕಣ ಅಂಚಿನ ಬೆಳಕೆಯಿರಲಿ, ಹೊನ್ನಾವರದ ಶರಾವತಿ ದಡದ ಹಳ್ಳಿಯಿರಲಿ, ಕುಮಟೆಯ ಅಘನಾಶಿನಿ ಬದಿಯ ಊರಿರಲಿ, ಇಂಥ ಶಾಲೆಯಲ್ಲಿ ಪಾಠ ಎಲ್ಲೋ ತೊಡಕಿತು ಅನ್ನಿಸಿದಾಗ ಕೇಳಲು ಪಕ್ಕದ ಕುರ್ಚಿಯಲ್ಲಿ ಅದೇ ವಿಷಯದ ಇನ್ನೊಬ್ಬರು ಇರುವುದಿಲ್ಲ. ಕನ್ನಡ ಶಿಕ್ಷಕರೋ ಸಮಾಜ ವಿಜ್ಞಾನದವರೋ ಇರುತ್ತಾರೆ, ಅವರೊಂದಿಗೆ ಸ್ನೇಹವೂ ಇರುತ್ತದೆ. ಆದರೆ ಓಮನ ನಿಯಮವನ್ನು ಯಾವ ಕಡೆಯಿಂದ ಎತ್ತಿಕೊಂಡರೆ ಮಕ್ಕಳಿಗೆ ದಕ್ಕೀತು ಎಂಬ ಮಾತನ್ನು ಆಡಲು ಆ ಸ್ನೇಹ ಸಾಲದು. ಶಿಕ್ಷಕರ ವೃತ್ತಿಪರ ಬೆಳವಣಿಗೆಯ ಚರ್ಚೆ ಈ ಒಂಟಿತನದಿಂದ ಶುರುವಾಗಬೇಕು ಎಂಬುದು ನನ್ನ ವಾದ. ಅದಕ್ಕೆ ಮದ್ದು ಇನ್ನೊಂದು ದೊಡ್ಡ ತರಬೇತಿಯಲ್ಲ. ಅರ್ಧ ದಿನದಲ್ಲಿ ಹೋಗಿಬರಬಹುದಾದ ದೂರದೊಳಗಿನ ಹತ್ತು ಶಾಲೆಗಳ ಶಿಕ್ಷಕರು ತಮ್ಮ ಮಕ್ಕಳ ತಪ್ಪು ಉತ್ತರಗಳನ್ನು ಮುಂದಿಟ್ಟುಕೊಂಡು ಒಟ್ಟಿಗೆ ಕೂರುವ ಏರ್ಪಾಡು ಬೇಕು.

ವ್ಯವಸ್ಥೆಗೆ ಈ ಒಂಟಿತನ ಹೊಸದಾಗಿ ಗೊತ್ತಾಗಬೇಕಾದ ಸಂಗತಿಯಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಾಲೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವುದನ್ನು ದೊಡ್ಡ ಕೊರತೆಯೆಂದು ಗುರುತಿಸಿ, ಹತ್ತಿರದ ಶಾಲೆಗಳನ್ನು ಒಂದು ಸಂಕೀರ್ಣವಾಗಿ ಕಟ್ಟಲು ಶಿಫಾರಸು ಮಾಡಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಹುಟ್ಟಿದವು. ಉತ್ತರ ಕನ್ನಡದ ನಮ್ಮ ಕರಾವಳಿಯ ಡಯಟ್ ಕುಮಟೆಯಲ್ಲಿದೆ. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದೊಂದಿಗೆ ತಾಲ್ಲೂಕಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಅದರ ಕೆಳಗೆ ಸಮೂಹ ಸಂಪನ್ಮೂಲ ಕೇಂದ್ರಗಳು ಬಂದವು. 2020ರ ನೀತಿಯೂ ಶಾಲಾ ಸಂಕೀರ್ಣದ ಮಾತನ್ನು ಮತ್ತೆ ಎತ್ತಿತು; ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎಂದಿತು. ಕಟ್ಟಡವಿದೆ, ಹುದ್ದೆಗಳಿವೆ, ಗಂಟೆಯ ಲೆಕ್ಕವೂ ಇದೆ. ಆದರೆ ಆ ಗಂಟೆಗಳು ತುಂಬುವ ಬಗೆ ಹೆಚ್ಚಾಗಿ ಒಂದೇ: ಮೇಲೆ ಸಿದ್ಧವಾದ ಮಾಡ್ಯೂಲ್ ರಾಜ್ಯಮಟ್ಟದ ಸಂಪನ್ಮೂಲ ವ್ಯಕ್ತಿಗಳಿಗೆ, ಅವರಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತದೆ. 2019ರಲ್ಲಿ ಸುಮಾರು 42 ಲಕ್ಷ ಶಿಕ್ಷಕರನ್ನು ಗುರಿಯಾಗಿಟ್ಟುಕೊಂಡು ಆರಂಭವಾದ ನಿಷ್ಠಾ ತರಬೇತಿ ಕಾರ್ಯಕ್ರಮವೂ ಮೇಲಿನಿಂದ ಇಳಿಯುವ ಬಗೆಯದೇ. ಅಷ್ಟು ಜನರನ್ನು ತಲುಪಲು ಬೇರೆ ದಾರಿ ಸುಲಭವಿಲ್ಲ, ಒಪ್ಪೋಣ. ಆದರೆ ಮೇಲಿನಿಂದ ಇಳಿದದ್ದಕ್ಕೆ ಬೆಳಕೆಯ ಒಂಬತ್ತನೆಯ ತರಗತಿಯ ಮಗು ಕಳೆದ ಮಂಗಳವಾರ ಯಾವ ಲೆಕ್ಕದಲ್ಲಿ ಎಡವಿತು ಎಂಬುದು ಗೊತ್ತಿರುವ ಸಾಧ್ಯತೆ ಇಲ್ಲ. ಬೆಳಕೆಯಿಂದ ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಕುಮಟೆಗೆ ಹೋಗಿ, ದಿನವಿಡೀ ಕೇಳಿ, ಹಾಜರಿ ಹಾಕಿ ಬಂದ ಶಿಕ್ಷಕರು ಮರುದಿನ ಅದೇ ಮಗುವಿನ ಎದುರು ಮೊದಲಿನಷ್ಟೇ ಒಂಟಿ.

ಒಟ್ಟಿಗೆ ಕೂತು ಪಾಠದ ಬಗ್ಗೆ ಯೋಚಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಬಲವಾದ ಸುಳಿವು ಸಿಗುವುದು ಲಿಪಿಂಗ್ ಮಾ ಅವರ 1999ರ ಅಧ್ಯಯನದಲ್ಲಿ. ಅವರು ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು ಇದು: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಆ ಭಾಗಾಕಾರಕ್ಕೆ ಹೊಂದುವ ಒಂದು ಸನ್ನಿವೇಶ ಹೇಳಿ. ನಮ್ಮ ಕಡೆಯ ಉದಾಹರಣೆಯಲ್ಲಿ ಹೇಳುವುದಾದರೆ, ಒಂದೂಮುಕ್ಕಾಲು ಲೀಟರ್ ತೆಂಗಿನೆಣ್ಣೆಯನ್ನು ಅರ್ಧ ಲೀಟರಿನ ಬಾಟಲಿಗಳಿಗೆ ಹಾಕಿದರೆ ಮೂರೂವರೆ ಬಾಟಲಿ ಆಗುತ್ತದೆ. ಅಮೆರಿಕದ ಶಿಕ್ಷಕರಲ್ಲಿ ಸರಿಯಾದ ಸನ್ನಿವೇಶ ಹೇಳಿದ್ದು ಒಬ್ಬರೇ. ಹಲವರು ಅರ್ಧದಿಂದ ಭಾಗಿಸುವ ಬದಲು ಎರಡು ಪಾಲು ಮಾಡುವ ಕತೆ ಹೇಳಿದರು. ಚೀನಾದವರಲ್ಲಿ ಶೇ 90ರಷ್ಟು ಮಂದಿ ಸರಿಯಾದ ಸನ್ನಿವೇಶ ಕಟ್ಟಿದರು, ಕೆಲವರು ಒಂದಕ್ಕಿಂತ ಹೆಚ್ಚು. ಬೆರಗಿನ ಸಂಗತಿ ಇರುವುದು ಇಲ್ಲಿ: ಚೀನಾದ ಆ ಶಿಕ್ಷಕರು ಓದಿದ ವರ್ಷಗಳು ಅಮೆರಿಕದವರಿಗಿಂತ ಕಡಿಮೆ. ಒಂಬತ್ತನೆಯ ತರಗತಿಯ ಬಳಿಕ ಎರಡು ಮೂರು ವರ್ಷದ ಶಿಕ್ಷಕ ತರಬೇತಿ, ಅಷ್ಟೇ. ವಿಷಯದ ಆಳ ಅವರಿಗೆ ಸಿಕ್ಕಿದ್ದು ಪದವಿಯಿಂದಲ್ಲ, ಕಲಿಸುತ್ತಾ ಇದ್ದ ವರ್ಷಗಳಲ್ಲಿ. ಒಂದೇ ವಿಷಯದ ಶಿಕ್ಷಕರು ಒಂದು ಗುಂಪಾಗಿ ಪಠ್ಯಪುಸ್ತಕವನ್ನು ಸಾಲು ಸಾಲಾಗಿ ಚರ್ಚಿಸುವ, ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂತು ನೋಡುವ ಪದ್ಧತಿ ಅಲ್ಲಿ ಇದೆ ಎಂಬುದನ್ನು ಮಾ ಮುಖ್ಯ ಕಾರಣಗಳಲ್ಲಿ ಒಂದೆಂದು ಎಣಿಸಿದರು. ಅಮೆರಿಕದ ಶಾಲೆಗಳ ಬಗ್ಗೆ ಡ್ಯಾನ್ ಲೋರ್ಟಿ 1975ರಲ್ಲೇ ಬರೆದಿದ್ದು ಇದರ ಇನ್ನೊಂದು ಮುಖ: ಅಲ್ಲಿ ಶಿಕ್ಷಕರು ತಂತಮ್ಮ ಕೋಣೆಯೊಳಗೆ, ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣದಂತೆ, ನಿವೃತ್ತಿಯವರೆಗೂ ದುಡಿಯುತ್ತಾರೆ.

ಹೊನ್ನಾವರ, ಕುಮಟೆಯ ಸೀಮೆಯವರಿಗೆ ಈ ಅಂತರ ಅರ್ಥವಾಗಲು ಯಕ್ಷಗಾನ ಸಾಕು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲ್ಲೂಕಿನಲ್ಲಿ ಕಟ್ಟಿದ ಇಡಗುಂಜಿ ಮೇಳದಂಥ ಮೇಳಗಳಲ್ಲಿ ಹೊಸ ವೇಷಧಾರಿ ಬೆಳೆದದ್ದು ಹಿರಿಯರ ಎದುರಿನಲ್ಲಿ. ಅವನ ಹೆಜ್ಜೆ ತಪ್ಪಿದ್ದು ಭಾಗವತರಿಗೆ ಕಂಡಿತು, ಅರ್ಥ ಜಾರಿದ್ದು ಎದುರು ವೇಷದವನಿಗೆ ಕೇಳಿತು, ಬೆಳಗಾಗುವುದರೊಳಗೆ ಚೌಕಿಯಲ್ಲಿ ಆ ಮಾತು ಬಂತು. ಶಿಕ್ಷಕರ ಕೆಲಸವೂ ಎದುರಿಗೆ ಜನರನ್ನಿಟ್ಟುಕೊಂಡು ಮಾಡುವಂಥದ್ದೇ, ಆದರೆ ಆ ಕೆಲಸ ಬಲ್ಲ ಇನ್ನೊಬ್ಬರ ಕಣ್ಣು ಅದರ ಮೇಲೆ ಬೀಳುವುದು ಹೆಚ್ಚಾಗಿ ಪರಿವೀಕ್ಷಣೆಯ ದಿನ. ಆ ಕಣ್ಣಿಗೆ ಶಿಕ್ಷಕರು ತಮ್ಮ ಒಳ್ಳೆಯ ಪಾಠವನ್ನು ತೋರಿಸುತ್ತಾರೆಯೇ ಹೊರತು ತೊಡಕನ್ನು ತೋರಿಸುವುದಿಲ್ಲ. ಸಹಜವೇ.

ಹಾಗಾದರೆ ಕೂತಾಗ ಏನು ಮಾತಾಡಬೇಕು? ಈಗ ಶಿಕ್ಷಕರ ನಡುವೆ ಹಂಚಿಕೆ ಆಗುತ್ತಲೇ ಇದೆ: ಪ್ರಶ್ನೆಪತ್ರಿಕೆಯ ನೀಲನಕ್ಷೆ, ಮಾದರಿ ಪ್ರಶ್ನೆಪತ್ರಿಕೆ, ಪಾಠ ಟಿಪ್ಪಣಿ, ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಚಟುವಟಿಕೆಗಳು, ಹಿಂದುಳಿದವರಿಗಾಗಿ ‘ಪಾಸಿಂಗ್ ಪ್ಯಾಕೇಜ್’. ಇವೆಲ್ಲ ಉಪಯೋಗದವೇ. ಆದರೆ ಇವೆಲ್ಲವೂ ಸಿದ್ಧ ಉತ್ತರಗಳ ಹಂಚಿಕೆ. ಶಿಕ್ಷಕರನ್ನು ಬೆಳೆಸುವ ವಸ್ತು ಮಕ್ಕಳ ತಪ್ಪು ಉತ್ತರಗಳಲ್ಲಿದೆ. ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಯಾವುದರಲ್ಲಿ ಹೆಚ್ಚು ವಿದ್ಯುತ್ ಪ್ರವಾಹ ಎಂದು ಕೇಳಿದರೆ ಬಹಳಷ್ಟು ಮಕ್ಕಳು ಮೊದಲನೆಯದರಲ್ಲಿ ಅನ್ನುತ್ತಾರೆ. ಮೊದಲ ಬಲ್ಬು ಸ್ವಲ್ಪ ಬಳಸಿಕೊಂಡಿತು, ಉಳಿದದ್ದು ಎರಡನೆಯದಕ್ಕೆ ಹೋಯಿತು ಎಂಬುದು ಅವರ ಲೆಕ್ಕ. ಅನೇಕ ದೇಶಗಳ ವಿಜ್ಞಾನ ಶಿಕ್ಷಣದ ಸಂಶೋಧನೆಯಲ್ಲಿ ದಾಖಲಾಗಿರುವ ತಪ್ಪಿದು. ಒಬ್ಬಂಟಿ ಶಿಕ್ಷಕರು ‘ತಪ್ಪು, ಸರಣಿಯಲ್ಲಿ ಪ್ರವಾಹ ಎಲ್ಲ ಕಡೆ ಒಂದೇ’ ಎಂದು ಬರೆಸಿ ಮುಂದೆ ಹೋಗುತ್ತಾರೆ, ಮಗು ಪರೀಕ್ಷೆಗೆ ಅದನ್ನು ಬರೆದು ತನ್ನ ನಂಬಿಕೆಯನ್ನು ಹಾಗೇ ಇಟ್ಟುಕೊಳ್ಳುತ್ತದೆ. ಹತ್ತು ಜನ ತಂತಮ್ಮ ಶಾಲೆಯ ಉತ್ತರಗಳನ್ನು ಮೇಜಿನ ಮೇಲೆ ಹರಡಿದಾಗ ಈ ತಪ್ಪು ಒಂದು ಶಾಲೆಯ ದಡ್ಡತನವಲ್ಲ ಎಂಬುದು ಮೊದಲು ಕಾಣುತ್ತದೆ. ಆಮೇಲೆ ಅದರ ಹಿಂದಿನ ತರ್ಕ ಕಾಣುತ್ತದೆ: ಮನೆಯ ಹೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ ಖರ್ಚಾದದ್ದು ಮಗು ನೋಡಿದೆ, ಏನೋ ಖರ್ಚಾಗುತ್ತದೆ ಎಂಬ ಅದರ ಊಹೆ ಸರಿಯೇ. ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ. ಇಲ್ಲಿಗೆ ಬಂದಾಗ ಭೌತಶಾಸ್ತ್ರ ಓದಿದ ಪಿಸಿಎಂ ಶಿಕ್ಷಕರು ಆ ಭೇದವನ್ನು ಬಿಡಿಸಿ ಹೇಳುತ್ತಾರೆ, ಬಲ್ಬಿನ ಎರಡೂ ಬದಿಗೆ ಅಮ್ಮೀಟರ್ ಇಡುವ ಮುನ್ನ ಮಕ್ಕಳಿಂದ ಊಹೆ ಬರೆಸಬೇಕು ಎಂದು ಇನ್ನೊಬ್ಬರು ಸೂಚಿಸುತ್ತಾರೆ, ಮುಂದಿನ ವಾರ ಮೂರು ಶಾಲೆಗಳಲ್ಲಿ ಅದನ್ನು ಮಾಡಿ ನೋಡುತ್ತಾರೆ. ಒಂದು ಶಾಲೆಯ ಶಿಕ್ಷಕರಿಗೆ ವರ್ಷಕ್ಕೆ ಒಂದು ತರಗತಿಯ ಮಕ್ಕಳು. ಹತ್ತು ಶಾಲೆಗಳು ಸೇರಿದರೆ ಒಂದೇ ವರ್ಷದಲ್ಲಿ ಒಬ್ಬರ ಹತ್ತು ವರ್ಷದ ಅನುಭವ. ಇನ್ನೊಂದು ದಿನ ಜೀವಕ್ರಿಯೆಗಳ ಪಾಠ ಬಂದಾಗ ಹೇಳಿಕೊಡುವ ಸರದಿ ಸಿಬಿಝಡ್‌ನವರದು. 0.35 ದೊಡ್ಡದೋ 0.8 ದೊಡ್ಡದೋ ಎಂದು ಕೇಳಿದಾಗ 35 ದೊಡ್ಡದಲ್ಲವೇ ಎನ್ನುವ ಮಗುವಿನಿಂದ ಗಣಿತದವರ ಮಾತು ಶುರುವಾಗಬಹುದು.

ಈ ಕರಾವಳಿಯಲ್ಲಿ ಶಾಲೆಗಳು ಕೈಜೋಡಿಸಿದರಷ್ಟೇ ಸಿಗುವ ಪಾಠಗಳೂ ಇವೆ. ರಾಜ್ಯದ ಪ್ರೌಢಶಾಲೆಗಳಲ್ಲಿ ಈಗ ಇರುವ ವಿಜ್ಞಾನ, ಗಣಿತದ ಪುಸ್ತಕಗಳು ಎನ್‌ಸಿಇಆರ್‌ಟಿ ಪುಸ್ತಕಗಳ ಕನ್ನಡ ರೂಪ. ಇಡೀ ದೇಶಕ್ಕೆಂದು ಬರೆದ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಅಧ್ಯಾಯ ಉಪ್ಪಿನ ಬಗ್ಗೆ ಹೇಳುತ್ತದೆ, ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರವನ್ನು ಹೇಳಲಾರದು. ಅಘನಾಶಿನಿ ಮತ್ತು ಶರಾವತಿಯ ಅಳಿವೆಗಳನ್ನೇ ನೋಡಿ. ಇವೆರಡರ ನಡುವೆ ಇರುವುದು ಸುಮಾರು ಇಪ್ಪತ್ತೈದು ಕಿಲೋಮೀಟರ್. ಅಘನಾಶಿನಿಗೆ ಅಣೆಕಟ್ಟಿಲ್ಲ; ಮಳೆಗಾಲದಲ್ಲಿ ಸಿಹಿನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪು ಒಳಗೆ ಏರುತ್ತದೆ. ಆ ಏರಿಳಿತಕ್ಕೆ ಹೊಂದಿಕೊಂಡೇ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆದು ಬಂದಿದೆ, ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೇರಳವಾಗಿದೆ. ಶರಾವತಿಗೆ ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆ ಅಣೆಕಟ್ಟು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಹರಿಯುವುದರಿಂದ ಆ ಅಳಿವೆಯ ಉಪ್ಪಿನಂಶ ತಗ್ಗಿತು, ಬಳಚು ಕ್ಷೀಣಿಸಿತು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ದಾಖಲಿಸಿದ್ದಾರೆ. ಇಷ್ಟು ಹತ್ತಿರದಲ್ಲಿ ಇಂಥ ಹೋಲಿಕೆಗೆ ಅವಕಾಶವಿರುವ ಶಾಲೆಗಳು ನಾಡಿನಲ್ಲಿ ಹೆಚ್ಚಿಲ್ಲ. ಕುಮಟೆಯ ಎರಡು ಶಾಲೆ, ಹೊನ್ನಾವರದ ಎರಡು ಶಾಲೆ, ಭಟ್ಕಳದ ವೆಂಕಟಾಪುರ ಹೊಳೆಯ ಬದಿಯದೊಂದು ಶಾಲೆ ಒಂದೇ ದಿನ, ಭರತದ ಒಂದೇ ಹೊತ್ತಿನಲ್ಲಿ ಒಂದೊಂದು ಲೀಟರ್ ನೀರು ತಂದು ಆವಿಯಾಗಿಸಿ ಉಳಿದ ಉಪ್ಪನ್ನು ತೂಗಿದರೆ ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ತಮ್ಮ ಹೊಳೆ ಅದರ ಎಷ್ಟು ಪಾಲು ಎಂದು ಮಕ್ಕಳೇ ಹೇಳಬಲ್ಲರು. ಜೂನ್, ನವೆಂಬರ್, ಮಾರ್ಚ್‌ಗಳಲ್ಲಿ ಮಾಡಿದರೆ ಸಂಖ್ಯಾಶಾಸ್ತ್ರದ ಅಧ್ಯಾಯಕ್ಕೆ ಬೇಕಾದ ನಿಜವಾದ ದತ್ತಾಂಶ ಗಣಿತ ಶಿಕ್ಷಕರ ಕೈಗೆ ಬರುತ್ತದೆ. ಒಂದೇ ಶಾಲೆ ಇದನ್ನು ಮಾಡಿದರೆ ಸಿಗುವುದು ಒಂದು ಅಂಕಿ. ಹೋಲಿಸಲು ಇನ್ನೊಂದು ಅಂಕಿ ಬರಬೇಕಾದ್ದು ಇನ್ನೊಂದು ಶಾಲೆಯಿಂದ.

ಇದು ಕನಸಿನ ಮಾತಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗಗಳ ಮೂಲಕ ಕಲಿಸಲು ಹೊರಟವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು, 1982ರಲ್ಲಿ ಅದನ್ನು ಮುನ್ನಡೆಸಲು ಏಕಲವ್ಯ ಸಂಸ್ಥೆ ಹುಟ್ಟಿತು. ಆ ಕಾರ್ಯಕ್ರಮದ ಕಿಟ್, ಪುಸ್ತಕ ನೋಡಿ ಬರೆಯುವ ಪರೀಕ್ಷೆ ಇವೇ ಹೆಚ್ಚು ಪ್ರಸಿದ್ಧವಾದವು. ಆದರೆ ಅದರ ಬೆನ್ನೆಲುಬು ತಿಂಗಳಿಗೊಮ್ಮೆ ಸೇರುತ್ತಿದ್ದ ಶಿಕ್ಷಕರ ಗೋಷ್ಠಿ. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂಬುದು ಅಲ್ಲಿಗೆ ಬರುತ್ತಿತ್ತು, ಅಲ್ಲಿಂದ ಹೋದ ಮಾತಿನಿಂದ ಪಠ್ಯಪುಸ್ತಕವೇ ತಿದ್ದುಪಡಿ ಆಗುತ್ತಿತ್ತು. ಕರ್ನಾಟಕದಲ್ಲಿ ನಲಿ-ಕಲಿಯ ಬೇರೂ ಇಂಥದ್ದೇ ನೆಲದಲ್ಲಿದೆ: 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಕೂತು ಚರ್ಚಿಸಿ, ಕಲಿಕಾ ಕಾರ್ಡುಗಳನ್ನು ತಾವೇ ರೂಪಿಸಿದರು. ಅದೇ ನಲಿ-ಕಲಿ 2009ರ ನಂತರ ಆದೇಶದ ಮೂಲಕ ರಾಜ್ಯವಿಡೀ ಹರಡಿತು. ಆಗ ಕಾರ್ಡು ಎಲ್ಲ ಶಾಲೆಗೂ ತಲುಪಿತು, ಕಾರ್ಡನ್ನು ಹುಟ್ಟಿಸಿದ ಕೂಟ ತಲುಪಿತೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಪ್ರೌಢಶಾಲೆಗಳಿಗೆ ಸಂಬಂಧಿಸಿ 2011ರ ಹೊತ್ತಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ವಿಷಯ ಶಿಕ್ಷಕರ ವೇದಿಕೆ, ಶಿಕ್ಷಕರು ತಮ್ಮ ಪಾಠ ಸಾಮಗ್ರಿಯನ್ನು ತಾವೇ ತಯಾರಿಸಿ ಹಂಚಿಕೊಳ್ಳಬಲ್ಲರು ಎಂಬುದನ್ನು ತೋರಿಸಿತು. ಜಿಯೋಜೀಬ್ರಾ ತಂತ್ರಾಂಶದಲ್ಲಿ ವೃತ್ತದ ಸ್ಪರ್ಶಕ ಎಳೆದು ತೋರಿಸುವುದನ್ನು ಗಣಿತ ಶಿಕ್ಷಕರು ಕಲಿತದ್ದು ಅಲ್ಲಿ. ಆ ಕೆಲಸದ ಮುಂದಿನ ಹೆಜ್ಜೆ ತಾಲ್ಲೂಕಿನೊಳಗೆ ಇಡಬೇಕಾದದ್ದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಸಾಕ್ಷ್ಯದ್ದೇ. ಒಟ್ಟಿಗೆ ಪಾಠ ರೂಪಿಸಿ, ಒಬ್ಬರು ಮಾಡಿ, ಉಳಿದವರು ನೋಡಿ ತಿದ್ದುವ ಜಪಾನಿನ ‘ಜುಗ್ಯೋ ಕೆಂಕ್ಯೂ’ ಪದ್ಧತಿಯನ್ನು ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಮಕ್ಕಳ ಗಣಿತ ಮತ್ತು ಓದಿನ ಅಂಕಗಳಲ್ಲಿ ಹೆಚ್ಚಳ ಕಾಣಲಿಲ್ಲ ಎಂದು 2017ರ ವರದಿ ಹೇಳಿತು. ಇದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಇನ್ನೊಂದು ಕಡೆ, ಶಿಕ್ಷಕರ ತರಗತಿಗೇ ಹೋಗಿ ಜೊತೆ ನಿಂತು ನೆರವಾಗುವ ಕಾರ್ಯಕ್ರಮಗಳ 60 ಅಧ್ಯಯನಗಳನ್ನು ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ ಒಟ್ಟುಗೂಡಿಸಿ ನೋಡಿದರು. ಬೋಧನೆ ಗಮನಾರ್ಹವಾಗಿ ಸುಧಾರಿಸಿತ್ತು, ಮಕ್ಕಳ ಕಲಿಕೆ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಾದರೂ ಸುಧಾರಿಸಿತ್ತು, ಮತ್ತು ಕಾರ್ಯಕ್ರಮ ದೊಡ್ಡದಾದಷ್ಟೂ ಪರಿಣಾಮ ಇಳಿದಿತ್ತು. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ತೋರುವುದಿಷ್ಟು: ಒಟ್ಟಿಗೆ ಕೂರುವುದೊಂದರಿಂದಲೇ ಕಲಿಕೆ ಏರುವುದಿಲ್ಲ. ಕೂತವರ ಕೈಯಲ್ಲಿ ವಿಷಯದ ಗಟ್ಟಿ ಪ್ರಶ್ನೆ ಇರಬೇಕು, ತರಗತಿಗೆ ಮರಳಿ ಹೋಗಿ ನೋಡುವ ಏರ್ಪಾಡಿರಬೇಕು, ಗುಂಪು ಚಿಕ್ಕದಿರಬೇಕು. ವಿಷಯಜ್ಞಾನದ ಕೊರತೆಯನ್ನು ಗುಂಪೇ ತುಂಬಲಾರದ ಕಡೆ ಹೊರಗಿನ ತಜ್ಞರು ಬೇಕೇ ಬೇಕು. ಚಳ್ಳಕೆರೆ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರ ಶಿಕ್ಷಕರಿಗೆ ನಡೆಸುವ ವಸತಿ ತರಬೇತಿ ಅಂಥ ಕೆಲಸ. ಹತ್ತು ಜನರಲ್ಲಿ ಒಬ್ಬರು ಅಲ್ಲಿಗೆ ಹೋಗಿಬಂದರೆ, ಅಲ್ಲಿಂದ ತಂದದ್ದನ್ನು ಇಳಿಸಲು ಊರಿನಲ್ಲಿ ಒಂದು ಗುಂಪು ಕಾದಿರಬೇಕು.

‘ನಮ್ಮ ಫಲಿತಾಂಶ ಚೆನ್ನಾಗಿದೆಯಲ್ಲ’ ಎಂಬ ಮಾತೂ ಕರಾವಳಿಯಲ್ಲಿ ಬರುತ್ತದೆ. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಕರಾವಳಿಯ ಜಿಲ್ಲೆಗಳು ಹೆಚ್ಚಿನ ವರ್ಷಗಳಲ್ಲಿ ಮೇಲೇ ಇರುತ್ತವೆ, ನಿಜ. ಆದರೆ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ರಾಜ್ಯದ ಒಟ್ಟು ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಉತ್ತೀರ್ಣತೆಯ ಅಂಕಿಯನ್ನು ಕಲಿಕೆಯ ಅಳತೆಗೋಲೆಂದು ನಂಬುವುದು ಎಷ್ಟು ಅಪಾಯ ಎಂದು ತಿಳಿಯಲು ಇಷ್ಟು ಸಾಕು. ಸರಣಿ ಜೋಡಣೆಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದು, ಪಿಯುಸಿ ವಿಜ್ಞಾನದಲ್ಲಿ ಮೊದಲ ತಿಂಗಳಲ್ಲೇ ಕಂಗೆಡುವ ಮಗು ನಮ್ಮ ಉತ್ತೀರ್ಣರ ಪಟ್ಟಿಯಲ್ಲೇ ಇರುತ್ತದೆ.

ಸಮಯದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಕ್ಕಳ ವಿವರಗಳ ಸ್ಯಾಟ್ಸ್ ನಮೂದು, ಬಿಸಿಯೂಟ, ಚುನಾವಣೆ, ಗಣತಿ, ಜೊತೆಗೆ ಜುಲೈಯಲ್ಲಿ ಮಳೆಯ ರಜೆ ತಿಂದುಹಾಕಿದ ಪೀರಿಯಡ್‌ಗಳು. ಇದರ ಮೇಲೆ ಶನಿವಾರ ಮಧ್ಯಾಹ್ನವನ್ನೂ ಬಿಟ್ಟುಕೊಡಿ ಎಂದರೆ ಅದು ಅನ್ಯಾಯ. ಆದ್ದರಿಂದ ಈ ಕೂಟಕ್ಕೆ ಅನ್ಯ ಕಾರ್ಯ ನಿಮಿತ್ತದ (ಓಒಡಿ) ಸೌಲಭ್ಯ ಸಿಗಬೇಕು, ಬಸ್ಸಿನ ಖರ್ಚು ಸಿಗಬೇಕು, ಅದನ್ನು 50 ಗಂಟೆಯ ಲೆಕ್ಕದೊಳಗೆ ಹಿಡಿಯಬೇಕು. ತಿಂಗಳಿಗೆ ಮೂರು ಗಂಟೆಯಂತೆ ಹತ್ತು ತಿಂಗಳು ಕೂತರೆ 30 ಗಂಟೆ. ಉಳಿದ 20 ಗಂಟೆ ಇಲಾಖೆಯ ಮಾಡ್ಯೂಲ್‌ಗಳಿಗೆ ಇರಲಿ. ಹೊಸ ಹೊರೆ ಹೊರಿಸದೆ, ಇರುವ ದಿನಗಳನ್ನೇ ಬೇರೆ ರೀತಿ ಬಳಸುವುದು ಇದು. ಅತಿಥಿ ಶಿಕ್ಷಕರನ್ನೂ ಸೇರಿಸಬೇಕು. ಎಷ್ಟೋ ಕಡೆ ಗಣಿತ ನಡೆಯುತ್ತಿರುವುದೇ ಅವರಿಂದ, ತರಬೇತಿಯ ಆದೇಶ ಹೆಚ್ಚಾಗಿ ಬರುವುದು ಕಾಯಂ ಶಿಕ್ಷಕರ ಹೆಸರಿಗೆ.

ಆದೇಶದಿಂದ ಹುಟ್ಟಿದ ಸಹಕಾರ ತೋರಿಕೆಯದಾಗುತ್ತದೆ ಎಂಬುದು ಆ್ಯಂಡಿ ಹಾರ್‌ಗ್ರೀವ್ಸ್ 1990ರ ದಶಕದ ಆರಂಭದಲ್ಲೇ ಕೊಟ್ಟ ಎಚ್ಚರಿಕೆ. ಸಭೆ ನಡೆಯಿತು, ನಡಾವಳಿ ಬರೆದದ್ದಾಯಿತು, ಫೋಟೊ ಹೋಯಿತು, ಪಾಠ ಬದಲಾಗಲಿಲ್ಲ. ಅದನ್ನು ತಪ್ಪಿಸಲು ಇಲಾಖೆ ಸಮಯವನ್ನು ಮಾತ್ರ ಕೊಟ್ಟು ಕಾರ್ಯಸೂಚಿಯನ್ನು ಶಿಕ್ಷಕರ ಕೈಯಲ್ಲಿ ಬಿಡಬೇಕು. ವಿಷಯ ಪರಿವೀಕ್ಷಕರು ಬರಲಿ, ಆದರೆ ಅಲ್ಲಿ ಕಂಡ ಯಾವ ತೊಡಕೂ ಯಾರ ಸೇವಾ ದಾಖಲೆಗೂ ಹೋಗಕೂಡದು. ತನ್ನ ಮಕ್ಕಳ ತಪ್ಪನ್ನು ತೆರೆದಿಡುವ ಶಿಕ್ಷಕಿಗೆ ಆ ಭರವಸೆ ಇಲ್ಲದಿದ್ದರೆ ಆಕೆ ಮುಂದಿನ ಸಭೆಗೆ ಸರಿಯುತ್ತರಗಳನ್ನಷ್ಟೇ ತರುತ್ತಾಳೆ. ಭಟ್ಕಳದಲ್ಲಂತೂ ಇನ್ನೊಂದು ಗೋಡೆ ಒಡೆಯಬೇಕಿದೆ. ಒಂದೇ ಊರಿನಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಗಳಿವೆ, ಸರಕಾರಿ, ಅನುದಾನಿತ, ಖಾಸಗಿ ಎಂಬ ಭೇದ ಅದರ ಮೇಲೆ. ಮನೆಯಲ್ಲಿ ನವಾಯತಿ, ಕೊಂಕಣಿ, ಕನ್ನಡ ಆಡುವ ಮಕ್ಕಳು ವಿದ್ಯುತ್ ಪ್ರವಾಹದ ಬಗ್ಗೆ ಒಂದೇ ತಪ್ಪು ಮಾಡುತ್ತಾರೋ ಬೇರೆ ಬೇರೆ ತಪ್ಪು ಮಾಡುತ್ತಾರೋ ಎಂದು ಮೂರೂ ಮಾಧ್ಯಮದ ಶಿಕ್ಷಕರು ಒಂದೇ ಮೇಜಿಗೆ ಬಂದರೆ ಒಂದು ಮಧ್ಯಾಹ್ನದಲ್ಲಿ ತಿಳಿಯಬಹುದು. ಶಿಕ್ಷಣದ ಸಂಶೋಧಕರಿಗೂ ಅದು ಬೇಕಾದ ಮಾಹಿತಿಯೇ.

ಹೋಶಂಗಾಬಾದಿನ ಕಾರ್ಯಕ್ರಮವನ್ನು 2002ರಲ್ಲಿ ಸರಕಾರ ನಿಲ್ಲಿಸಿತು. ಆ ಹೊತ್ತಿಗೆ ಅದು ಸಾವಿರದಷ್ಟು ಶಾಲೆಗಳಲ್ಲಿತ್ತು. ಮೂವತ್ತು ವರ್ಷದ ಕೆಲಸ ಒಂದು ತೀರ್ಮಾನಕ್ಕೆ ನಿಂತುಹೋಗಬಹುದಾದರೆ ಇಂಥದ್ದನ್ನು ಕಟ್ಟುವುದೇಕೆ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಅಷ್ಟು ದೊಡ್ಡ ತೀರ್ಮಾನವೂ ಬೇಕಿಲ್ಲ, ಒಂದು ವರ್ಗಾವಣೆ ಸಾಕು. ಕೌನ್ಸೆಲಿಂಗ್ ಮುಗಿದ ದಿನ ಕುಮಟೆಯ ಶಿಕ್ಷಕರು ಹಳಿಯಾಳಕ್ಕೆ ಹೊರಟರೆ ಹದಿನೈದು ವರ್ಷ ಆ ಅಳಿವೆಯ ಮಕ್ಕಳನ್ನು ಕಂಡ ತಿಳಿವಳಿಕೆಯೂ ಅವರೊಂದಿಗೆ ಬಸ್ಸು ಹತ್ತುತ್ತದೆ, ಬಂದವರು ಮೊದಲಿನಿಂದ ಶುರುಮಾಡುತ್ತಾರೆ. ಆದ್ದರಿಂದ ಪ್ರತಿ ಗುಂಪಿಗೂ ಒಂದು ಪುಸ್ತಕ ಇರಬೇಕು. ಅಧ್ಯಾಯವಾರು, ಯಾವ ಪ್ರಶ್ನೆಗೆ ಮಕ್ಕಳು ಏನು ಬರೆದರು, ಏನು ಮಾಡಿ ನೋಡಿದೆವು, ಎಲ್ಲಿ ಫಲಿಸಲಿಲ್ಲ ಎಂಬುದನ್ನು ಕೈಬರಹದಲ್ಲೇ ಆದರೂ ಬರೆದಿಡಬೇಕು. ಪ್ರತಿ ತಾಲ್ಲೂಕಿನ ಬಿಆರ್‌ಸಿಯಲ್ಲಿ ಅದು ಇರಲಿ, ಒಂದು ಪ್ರತಿ ಕುಮಟೆಯ ಡಯಟ್‌ಗೆ ಹೋಗಲಿ, ಅಲ್ಲಿಂದ ಅದೇ ಊರಿನ ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯದ ಬಿ.ಇಡಿ. ವಿದ್ಯಾರ್ಥಿಗಳ ಕೈಗೂ ಸಿಗಲಿ. ಹೊಸದಾಗಿ ನೇಮಕವಾದ ಗಣಿತ ಶಿಕ್ಷಕಿ ಹಾಜರಾದ ದಿನ ಆಕೆಗೆ ಕೊಡುವ ಕಾಗದಗಳಲ್ಲಿ ವೇಳಾಪಟ್ಟಿ, ಹಾಜರಿ ಪುಸ್ತಕದ ಜೊತೆಗೆ ಆ ಪುಸ್ತಕದ ಒಂದು ನಕಲೂ ಇರಲಿ.